ಲೈನ್ ಕರೆಂಟ್ ಹೋದ್ರೆ ಸೋಲಾರೂ ಯಾಕೆ ನಿಲ್ಲುತ್ತೆ? ಉತ್ತರ ಯಾರೂ ಹೇಳಲ್ಲ, ಬೈಗುಳ ಮಾತ್ರ ಊರಿನ ಎಲೆಕ್ಟ್ರಿಷಿಯನ್‌ಗೆ

ತಿಪಟೂರು: ಮನೆ ಮೇಲೆ ಮೂರು ಕಿಲೋವಾಟ್ ಸೋಲಾರ್ ಕೂರಿಸಿ, ಹೊಸ ಮೀಟರೂ ಬಂದು, ಎಲ್ಲ ಮುಗೀತು ಅನ್ನುವಷ್ಟರಲ್ಲಿ ಒಂದು ಮಧ್ಯಾಹ್ನ ಲೈನ್ ಕರೆಂಟ್ ಹೋಗುತ್ತೆ. ಹೊರಗೆ ಬಿಸಿಲು ಚುರುಗುಟ್ಟುತ್ತಿದೆ, ಒಳಗೆ ಫ್ಯಾನ್ ನಿಂತಿದೆ. ಆಗ ಫೋನ್ ಹೋಗೋದು ಬೆಸ್ಕಾಂಗಲ್ಲ, ಪ್ಯಾನೆಲ್ ಮಾರಿದ ಕಂಪನಿಗೂ ಅಲ್ಲ. ಬಿಸಿಲಲ್ಲಿ ತಾರಸಿ ಹತ್ತಿ ಪ್ಯಾನೆಲ್ ಕೂರಿಸಿದ ಊರಿನ ಎಲೆಕ್ಟ್ರಿಷಿಯನ್‌ಗೆ. "ಏನಪ್ಪಾ, ದುಡ್ಡು ಸುರಿಸಿ ಇದೇನಾ ಮಾಡಿಕೊಟ್ಟಿದ್ದು?" ಅನ್ನೋ ಮಾತು ಈ ಕೆಲಸದಲ್ಲಿರೋರಿಗೆ ಹೊಸದಲ್ಲ.

ತಪ್ಪು ಅವನದಲ್ಲ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಕರೆಂಟ್ ಹೋದ ಕೂಡಲೇ ತಾನಾಗಿಯೇ ನಿಲ್ಲಬೇಕು. ನಿಲ್ಲದೆ ಹೋದರೆ ನಿಮ್ಮ ಮನೆ ಕರೆಂಟ್ ಹಿಂದಕ್ಕೆ ಹರಿದು, ಕಂಬ ಹತ್ತಿ ರಿಪೇರಿ ಮಾಡುತ್ತಿರೋ ಲೈನ್‌ಮ್ಯಾನ್‌ಗೆ ಹೊಡೆಯುತ್ತೆ. ಜೀವ ಉಳಿಸೋ ವ್ಯವಸ್ಥೆ ಅದು. ಕರೆಂಟ್ ಹೋದಾಗಲೂ ಬೆಳಕು ಬೇಕು ಅಂದರೆ ಬ್ಯಾಟರಿ ಇರೋ ಇನ್ವರ್ಟರ್ ಬೇಕು, ಅದಕ್ಕೆ ಖರ್ಚು ಬೇರೆ. ಇದನ್ನ ಮಾರೋವಾಗಲೇ ಹೇಳಬೇಕು. ಹೇಳಿದರೆ ಎಲ್ಲಿ ಗಿರಾಕಿ ಹಿಂದೆ ಸರೀತಾನೋ ಅಂತ ಎಷ್ಟೋ ಏಜೆಂಟರು ಹೇಳೋದೇ ಇಲ್ಲ.

ತೆಂಗಿನ ಸೀಮೆಯ ನೆರಳು

ನಮ್ಮದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಅದು ಬಯಲು ಸೀಮೆ, ಪ್ಯಾನೆಲ್‌ಗೆ ಅಡ್ಡ ಬರೋ ಮರ ಕಡಿಮೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಹಾಗಲ್ಲ, ಮನೆ ಇರೋದೇ ತೋಟದ ನಡುವೆ.

ಒಂದು ಲೆಕ್ಕ ನೋಡಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. 15 ಮೀಟರ್ ಎತ್ತರದ ತೆಂಗಿನ ಮರದ ನೆರಳು ಆಗ ನಡುಮಧ್ಯಾಹ್ನವೇ ಉತ್ತರಕ್ಕೆ ಸುಮಾರು 11 ಮೀಟರ್, ಅಂದರೆ 36 ಅಡಿ ಬೀಳುತ್ತೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಮೇ ತಿಂಗಳಲ್ಲಿ ತಾರಸಿ ಮೇಲೆ ನಿಂತು "ಎಲ್ಲಿದೆಯಪ್ಪ ನೆರಳು?" ಅಂತ ಕೇಳೋ ಗೌಡರಿಗೆ ಚಳಿಗಾಲದಲ್ಲಿ ಯೂನಿಟ್ ಬಿದ್ದುಹೋದಾಗ ಕಾರಣ ಗೊತ್ತಾಗಲ್ಲ. ಪ್ಯಾನೆಲ್‌ಗಳು ಸರಪಳಿ ಥರ ಜೋಡಣೆ ಆಗಿರೋದರಿಂದ, ಒಂದರ ಮೇಲೆ ಗರಿಯ ನೆರಳು ಬಿದ್ದರೂ ಉಳಿದವುಗಳ ಉತ್ಪಾದನೆಗೂ ಪೆಟ್ಟು ಬೀಳಬಹುದು. ಪ್ರತಿ ಪ್ಯಾನೆಲ್‌ಗೂ ಬೇರೆ ಬೇರೆ ಮೈಕ್ರೋ ಇನ್ವರ್ಟರ್ ಹಾಕಬಹುದು, ಆದರೆ ರೇಟು ಏರುತ್ತೆ. ಮರ ಕಡೀರಿ ಅನ್ನೋಕೆ ಎಲೆಕ್ಟ್ರಿಷಿಯನ್‌ಗೂ ಬಾಯಿ ಬರಲ್ಲ. ಫಲ ಕೊಡೋ ತೆಂಗು ಕಡಿಯೋದು ನಮ್ಮ ಕಡೆ ಮನೆ ಮಗನನ್ನ ಹೊರಗೆ ಹಾಕಿದ ಹಾಗೆ.

ಸಬ್ಸಿಡಿ ಯಾರದು, ಕಾಯೋದು ಯಾರು?

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 2 ಕಿಲೋವಾಟ್‌ಗೆ 60,000 ರೂಪಾಯಿ, 3 ಕಿಲೋವಾಟ್ ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಇದೆ. ಈ ಹಣ ಕೆಲಸ ಮುಗಿದು ಮೀಟರ್ ಚಾಲೂ ಆದ ಮೇಲೆ ನೇರವಾಗಿ ಮನೆ ಯಜಮಾನರ ಖಾತೆಗೆ ಬರುತ್ತೆ, ಎಲೆಕ್ಟ್ರಿಷಿಯನ್ ಕೈಗಲ್ಲ. ಆದರೂ "ಸಬ್ಸಿಡಿ ಬಂದ ಮೇಲೆ ಬಾಕಿ ಕೊಡ್ತೀನಿ" ಅನ್ನೋದು ಸಾಮಾನ್ಯ. ಖಾತೆ, ಆಧಾರ್, ಆರ್‌ಆರ್ ನಂಬರ್ ಯಾವುದರಲ್ಲಿ ಹೆಸರು ಒಂದಕ್ಷರ ಹೆಚ್ಚುಕಮ್ಮಿ ಆದರೂ ಓಡಾಟ ಶುರು. ಕರೆಂಟ್ ಮೀಟರ್ ತೀರಿಕೊಂಡ ತಾತನ ಹೆಸರಲ್ಲೇ ಇರೋ ಮನೆಗಳು ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ.

ಮೀಟರ್ ವಿಷಯದಲ್ಲಿ ಒಂದು ಹಕ್ಕು ಜನಕ್ಕೆ ಗೊತ್ತಿರಬೇಕು. 2024ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ತಿದ್ದಿದೆ. ಅದರ ಪ್ರಕಾರ 10 ಕಿಲೋವಾಟ್‌ವರೆಗೆ ತಾಂತ್ರಿಕ ಪರಿಶೀಲನೆಯ ಅಗತ್ಯವಿಲ್ಲ. ಕೆಲಸ ಮುಗಿದ ಪತ್ರ ಕೊಟ್ಟ ಮೇಲೆ 15 ದಿನದೊಳಗೆ ಒಪ್ಪಂದ, ಮೀಟರ್, ಚಾಲನೆ ಮೂರೂ ಮುಗೀಬೇಕು. ತಡವಾದರೆ ಪ್ರಶ್ನೆ ಕೇಳಬೇಕಾದ ಜಾಗ ಕರೆಂಟ್ ಆಫೀಸು, ಕೂಲಿಗೆ ಬಂದ ಹುಡುಗನ ಮನೆ ಬಾಗಿಲಲ್ಲ.

ಬೇಕಾದೋರು ಒಬ್ಬರು, ಮಾರೋದು ಇನ್ನೊಬ್ಬರಿಗೆ

2023ರ ಆಗಸ್ಟ್‌ನಿಂದ ಗೃಹಜ್ಯೋತಿ ಇದೆ. ತಮ್ಮ ಸರಾಸರಿಯೊಳಗೆ, ಅದೂ 200 ಯೂನಿಟ್ ಮೀರದೆ ಬಳಸೋ ಮನೆಗೆ ಬಿಲ್ ಸೊನ್ನೆ. ಅಂಥ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸಿದರೆ ಉಳಿಯೋದಾದರೂ ಏನು? 200 ದಾಟಿ ಪೂರ್ತಿ ಬಿಲ್ ಕಟ್ಟೋ ಮನೆಗೆ ಮಾತ್ರ ಲೆಕ್ಕ ಕೂಡುತ್ತೆ.

ಅಂಗಡಿಯವರ ಕಥೆ ಉಲ್ಟಾ. ಬೇಕರಿ ಫ್ರಿಜ್, ಹಿಟ್ಟಿನ ಗಿರಣಿ, ಜೆರಾಕ್ಸ್ ಅಂಗಡಿ, ಎಲ್ಲಾ ಓಡೋದು ಹಗಲು. ಇವರಿಗೆ ಗೃಹಜ್ಯೋತಿ ಇಲ್ಲ, ಸೂರ್ಯಘರ್ ಸಬ್ಸಿಡಿಯೂ ಇಲ್ಲ, ಮೇಲಾಗಿ ಮನೆ ದರವೂ ಇಲ್ಲ. ಸಬ್ಸಿಡಿ ಇಲ್ಲದೆಯೂ ಸೋಲಾರ್‌ನಿಂದ ಅನುಕೂಲ ಆಗಬಹುದಾದೋರು ಇವರು. ಪ್ಯಾನೆಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಜಾಹೀರಾತು ಓಡೋದು ಸಬ್ಸಿಡಿ ಇರೋ ಮನೆಗಳ ಹಿಂದೆ. ಕಟ್ಟಡ ಬಾಡಿಗೆದಾದರೆ ಓನರ್ ಒಪ್ಪಿಗೆ ಬೇರೆ ಬೇಕು. ಹಾಗಾಗಿ ಬೇಡದ ಮನೆ ತಾರಸಿ ಮೇಲೆ ಪ್ಯಾನೆಲ್ ಕೂರುತ್ತೆ, ಬೇಕಾದ ಅಂಗಡಿ ಮೇಲೆ ಬಟ್ಟೆ ಒಣಗುತ್ತೆ.

ಹೋಗೋದು ಕಂಪನಿ, ಉಳಿಯೋದು ಹುಡುಗ

ಯೋಜನೆಯಲ್ಲಿ ನೋಂದಾಯಿತ ವೆಂಡರ್ 5 ವರ್ಷ ನಿರ್ವಹಣೆ ಮಾಡಿಕೊಡಬೇಕು. ಎಷ್ಟೋ ಕಡೆ ಒಪ್ಪಂದ ಹೊರಗಿನ ವೆಂಡರ್ ಹೆಸರಲ್ಲಿ, ಕೆಲಸ ಊರಿನ ಹುಡುಗರ ಕೈಲಿ, ಕಿಲೋವಾಟ್‌ಗೆ ಇಷ್ಟು ಅಂತ ಕೂಲಿಗೆ. ಕೋತಿ ವೈರ್ ಕಿತ್ತರೂ, ಒಣಗಿದ ಗರಿ ಬಿದ್ದು ಗಾಜು ಸೀಳಿದರೂ ವೆಂಡರ್ ಫೋನ್ ಎತ್ತದಿದ್ದಾಗ ಸಂತೆಯಲ್ಲಿ, ಕೊಬ್ಬರಿ ಹರಾಜಿನಲ್ಲಿ ಎದುರಾಗೋನು ಈ ಹುಡುಗ. ಮುಖ ತಪ್ಪಿಸಿಕೊಂಡು ಎಷ್ಟು ದಿನ ಓಡಾಡ್ತಾನೆ? ಕೊನೆಗೆ ಬೆಂಗಳೂರು ಬಸ್ ಹತ್ತುತ್ತಾನೆ. ಆಮೇಲೆ ನಿಮ್ಮ ಪ್ಯಾನೆಲ್ ಕೆಟ್ಟರೆ ಬರೋರು ಯಾರು?

ಅದಕ್ಕೇ ಮುಂಗಡ ಕೊಡೋ ಮುಂಚೆ ನಾಲ್ಕು ಪ್ರಶ್ನೆ ಕೇಳಿ, ಉತ್ತರ ಬರವಣಿಗೆಯಲ್ಲಿ ಇಸ್ಕೊಳ್ಳಿ. ಡಿಸೆಂಬರ್ ನೆರಳು ಲೆಕ್ಕ ಹಾಕಿದ್ದೀರಾ? ಲೈನ್ ಕರೆಂಟ್ ಹೋದಾಗ ಏನಾಗುತ್ತೆ? ಪ್ಯಾನೆಲ್ ಸಬ್ಸಿಡಿಗೆ ಬೇಕಾದ ಭಾರತದಲ್ಲೇ ತಯಾರಾದ ಡಿಸಿಆರ್ ಮಾಲೇನಾ? 5 ವರ್ಷ ಯಾರ ನಂಬರ್‌ಗೆ ಫೋನ್ ಮಾಡಬೇಕು? ಬೆಸ್ಕಾಂನ ತಾಲ್ಲೂಕು ಕಚೇರಿಗಳು ಬಾಕಿ ಮೀಟರ್ ಅರ್ಜಿಗಳ ಪಟ್ಟಿಯನ್ನ ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಾಕಿದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತೆ. ಉಳಿದರ್ಧ ನಿಲ್ಲೋದು ನಮ್ಮ ಕೈಲಿದೆ: ಮಾಡಿದ ಕೆಲಸದ ಕೂಲಿಯನ್ನ ಸಬ್ಸಿಡಿಗೆ ಗಂಟು ಹಾಕಬೇಡಿ.