ಕಡಲು ಏರುವ ಸುದ್ದಿ ಯಾವ ಭಾಷೆಯಲ್ಲಿ?

ನಾವು ಚಂಡಮಾರುತವೆನ್ನುವುದನ್ನೇ ಪೆಸಿಫಿಕ್ ಸಾಗರದ ಪಶ್ಚಿಮ ಭಾಗದಲ್ಲಿ ಟೈಫೂನ್ ಎನ್ನುತ್ತಾರೆ. ಫಿಲಿಪ್ಪೀನ್ಸ್ ದೇಶದ ಆಸುಪಾಸಿಗೆ ವರ್ಷಕ್ಕೆ ಸರಾಸರಿ 20 ಬಿರುಗಾಳಿಗಳು ಬರುತ್ತವೆ. ಅವುಗಳಲ್ಲಿ ಎಂಟೊಂಬತ್ತು ನೆಲಕ್ಕೂ ಅಪ್ಪಳಿಸುತ್ತವೆ. ನಮಗೆ ಆಟಿಯ ಮಳೆ ಹೇಗೋ ಅಲ್ಲಿಯವರಿಗೆ ಗಾಳಿ ಹಾಗೆ. ಮಾಡಿಗೆ ಹಗ್ಗ ಬಿಗಿದು, ಅಕ್ಕಿ ತೆಗೆದಿಟ್ಟು ಕಾಯುವುದು ಅವರಿಗೆ ರೂಢಿ.

ಹೀಗಿದ್ದೂ 2013ರ ನವೆಂಬರ್ 8ರಂದು ಹೈಯಾನ್ ಬಂದಾಗ ಆ ದೇಶದಲ್ಲಿ ಆರು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಲೇಯ್ಟೆ ದ್ವೀಪದ ಟಾಕ್ಲೋಬಾನ್ ನಗರದಲ್ಲಿ ಹೆಚ್ಚಿನವರನ್ನು ಕೊಂದದ್ದು ಗಾಳಿಯಲ್ಲ, ನೀರು. ಗಾಳಿ ಕಡಲನ್ನು ಇಕ್ಕಟ್ಟಾದ ಕೊಲ್ಲಿಯೊಳಕ್ಕೆ ದೂಡಿತು. ನೀರು ಮನೆಯ ಮಹಡಿಯವರೆಗೆ ಏರಿತು.

ಮುನ್ನೆಚ್ಚರಿಕೆ ಇರಲಿಲ್ಲವೇ? ಇತ್ತು. ನೀರು 7 ಮೀಟರಿನಷ್ಟು ಏರಬಹುದೆಂದು ಹವಾಮಾನ ಇಲಾಖೆ ಹೇಳಿಯೇ ಇತ್ತು. ಆದರೆ ಹೇಳಿದ್ದು 'ಸ್ಟಾರ್ಮ್ ಸರ್ಜ್' ಎಂಬ ಇಂಗ್ಲಿಷ್ ಮಾತಿನಲ್ಲಿ. ಅಲ್ಲಿಯ ಮನೆಮಾತು ವಾರಾಯ್. ಸುನಾಮಿ ಎಂದಿದ್ದರೆ ಓಡುತ್ತಿದ್ದೆವೆಂದು ಬದುಕುಳಿದ ಅನೇಕರು ಆಮೇಲೆ ಹೇಳಿದರು. ತಪ್ಪನ್ನೆಲ್ಲ ಒಂದು ಪದದ ಮೇಲೆ ಹೊರಿಸುವುದು ನ್ಯಾಯವಲ್ಲ. ಆಶ್ರಯಕ್ಕೆಂದು ಗೊತ್ತುಮಾಡಿದ ಕೆಲವು ಕಟ್ಟಡಗಳಿಗೂ ನೀರು ನುಗ್ಗಿತ್ತು. ಆದರೂ ಅರ್ಥವಾಗದ ಎಚ್ಚರಿಕೆಯನ್ನು ಎಚ್ಚರಿಕೆಯೆನ್ನಲು ನಮಗೆ ಮನಸ್ಸು ಬಾರದು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವುಂಟು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಹಾದುಹೋದಾಗ ನಮ್ಮ ಕರಾವಳಿಯಲ್ಲೂ ಮನೆಗಳು ಕಡಲ ಪಾಲಾದವು. ಮಳೆಗಾಲದಲ್ಲಿ ನಮ್ಮ ಫೋನುಗಳಿಗೆ ಬರುವ ಸೂಚನೆ ಬಹುಮಟ್ಟಿಗೆ ಮಲೆಯಾಳದಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ಮಂಜೇಶ್ವರ, ಕುಂಬಳೆಯ ಕಡೆ ಮಲೆಯಾಳ ಕೇಳಿದರೆ ತಿಳಿಯುವವರು ಬಹಳ ಮಂದಿ. ಓದಲು ಬಾರದ ಹಿರಿಯರೂ ಅಷ್ಟೇ ಮಂದಿ. ಮಕ್ಕಳು ದೂರದೂರಿನಲ್ಲಿದ್ದರೆ ಆ ಸಂದೇಶವನ್ನು ಓದಿ ಹೇಳುವವರಾರು?

ಮಲೆಯಾಳದ ಮೇಲೆ ನಮಗೆ ಮುನಿಸಿಲ್ಲ. ಗಾಳಿಯಿಲ್ಲದೆ, ಕಳ್ಳನಂತೆ ನುಗ್ಗುವ ಅಲೆಗೆ ಕೇರಳದ ಮೀನುಗಾರರು ಇಟ್ಟ 'ಕಳ್ಳಕ್ಕಡಲ್' ಎಂಬ ಹೆಸರನ್ನು ಇಂದು ವಿಜ್ಞಾನಿಗಳೇ ಬಳಸುತ್ತಿದ್ದಾರೆ. ದೋಣಿಯವರ ಬಾಯಿಯ ಮಾತಿಗೆ ಅಷ್ಟು ಬೆಲೆಯುಂಟು. ನಮ್ಮವರ ಮಾತಿಗೂ ಅದು ಸಿಗಲಿ ಎನ್ನುವುದಷ್ಟೇ ನಮ್ಮ ಕೇಳಿಕೆ. 1969ರ ಕೇರಳ ಅಧಿಕೃತ ಭಾಷಾ ಕಾನೂನು, ಕನ್ನಡಿಗರು ಸರಕಾರದೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದೆಂದು ಒಪ್ಪಿದೆ. ಕಾಗದಪತ್ರಕ್ಕೆ ಸಲ್ಲುವ ಭಾಷೆ ಪ್ರಾಣರಕ್ಷಣೆಗೆ ಸಲ್ಲದೇ? ನೀರು ಎಲ್ಲಿಯವರೆಗೆ ಏರೀತು, ಯಾವ ಶಾಲೆಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂಬ ಮೂರು ಮಾತನ್ನು ಮುಂದಿನ ಮಳೆಗಾಲದಿಂದ ಪಂಚಾಯತಿನ ಮೈಕು ಕನ್ನಡದಲ್ಲಿಯೂ ಹೇಳಲಿ.