‘ಸಿಟ್ಟಿನವರನ್ನು ಕೌನ್ಸೆಲಿಂಗ್‌ಗೆ ಕಳಿಸಿದರೆ ಮನೆ ಸರಿಹೋಗುತ್ತದೆ’: ಇದು ಎಷ್ಟು ನಿಜ?

ಮನೆಯಲ್ಲಿ ಸದಾ ಜಗಳವಾಗುತ್ತಿದ್ದರೆ ಸಿಟ್ಟು ಮಾಡುವವರನ್ನು ಕೌನ್ಸೆಲಿಂಗ್‌ಗೆ ಕಳಿಸಿ ಎನ್ನುವ ಸಲಹೆಯನ್ನು ಫ್ಯಾಮಿಲಿ ಗ್ರೂಪ್‌ಗಳಲ್ಲಿ ನೀವೂ ನೋಡಿರಬಹುದು. ನಾವು ಇದನ್ನು ಅರ್ಧ ಸತ್ಯ ಎನ್ನುತ್ತೇವೆ. ಏಕೆ ನೋಡೋಣ.

ವ್ಯತ್ಯಾಸವೇನು?

ವೈಯಕ್ತಿಕ ಕೌನ್ಸೆಲಿಂಗ್‌ನಲ್ಲಿ ಒಬ್ಬರೇ ಕೂತು ತಮ್ಮ ಯೋಚನೆ, ಭಯ, ನೋವುಗಳನ್ನು ಹೇಳಿಕೊಳ್ಳುತ್ತಾರೆ. ಫ್ಯಾಮಿಲಿ ಥೆರಪಿಯಲ್ಲಿ ಥೆರಪಿಸ್ಟ್ ಮುಖ್ಯವಾಗಿ ಗಮನಿಸುವುದು ಮನೆಯವರ ನಡುವಿನ ಸಂಬಂಧವನ್ನು: ಯಾರು ಮಾತಾಡಿದರೆ ಯಾರು ಸುಮ್ಮನಾಗುತ್ತಾರೆ, ಯಾರ ಮಾತು ಯಾರ ಮೂಲಕ ತಲುಪುತ್ತದೆ, ನಿರ್ಧಾರ ಯಾರದ್ದು.

ವೈಟ್‌ಫೀಲ್ಡ್‌ನ ಒಂದು ಮನೆಯನ್ನು ಊಹಿಸಿಕೊಳ್ಳಿ. ಮಗನಿಗೆ ಐಟಿ ಕಂಪನಿಯಲ್ಲಿ ನೈಟ್ ಶಿಫ್ಟ್, ಸೊಸೆಗೆ ಹಗಲಿನ ಕೆಲಸ. ಮೊಮ್ಮಗುವನ್ನು ನೋಡಿಕೊಳ್ಳಲು ಅಪ್ಪ-ಅಮ್ಮ ಊರಿನಿಂದ ಬಂದಿದ್ದಾರೆ. ಅತ್ತೆ-ಸೊಸೆ ಪರಸ್ಪರ ಹೇಳಬೇಕಾದ್ದನ್ನೆಲ್ಲ ಅವನ ಹತ್ತಿರ ಹೇಳುತ್ತಾರೆ. ನಿದ್ದೆಗೆಟ್ಟ ಅವನು ರೇಗುತ್ತಾನೆ. ಅವನೊಬ್ಬನೇ ಕೌನ್ಸೆಲಿಂಗ್‌ಗೆ ಹೋದರೆ ಸಿಟ್ಟು ಹಿಡಿತಕ್ಕೆ ಬರಬಹುದು. ಎರಡೂ ಕಡೆಯ ದೂರು ಕೇಳುವುದು ತಪ್ಪುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತರೆ, ಅತ್ತೆ-ಸೊಸೆ ನೇರವಾಗಿ ಮಾತಾಡುವುದನ್ನು ಥೆರಪಿಸ್ಟ್ ಅಲ್ಲೇ ರೂಢಿ ಮಾಡಿಸಬಹುದು.

ಇದು ಪಂಚಾಯಿತಿಯೇ?

ಅಲ್ಲ. ತಪ್ಪು ಯಾರದ್ದು ಎಂದು ಥೆರಪಿಸ್ಟ್ ತೀರ್ಪು ಕೊಡುವುದಿಲ್ಲ.

ನಮ್ಮ ದೇಶಕ್ಕೆ ಹೊಸದೇ?

1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದ ಟೆಂಟ್‌ಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಸೇರಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಕುಟುಂಬ ಮನೋವೈದ್ಯಕೀಯ ಕೇಂದ್ರವಿದೆ.

ಯಾವುದು ಯಾವಾಗ?

ಹಳೆಯ ಆಘಾತ, ಮನೆಯವರ ಮುಂದೆ ಹೇಳಲಾಗದ ವಿಷಯಗಳಿಗೆ ವೈಯಕ್ತಿಕ ಕೌನ್ಸೆಲಿಂಗ್ ಸೂಕ್ತ. ಸ್ಕಿಜೋಫ್ರೇನಿಯಾದಂಥ ಕಾಯಿಲೆಯಲ್ಲಿ ಔಷಧಿಯ ಜೊತೆ ಮನೆಯವರಿಗೂ ತಿಳಿವಳಿಕೆ, ತರಬೇತಿ ಕೊಟ್ಟರೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಎಷ್ಟೋ ಸಲ ಎರಡೂ ಜೊತೆಯಲ್ಲೇ ನಡೆಯುತ್ತವೆ.

ಆದರೆ ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರೆ ಒಟ್ಟಿಗೆ ಕೂರಿಸುವುದೇ ಅಪಾಯ. ಅಲ್ಲಿ ಹೇಳಿದ ಮಾತಿಗೆ ಮನೆಯಲ್ಲಿ ಪೆಟ್ಟು ಬೀಳಬಹುದು. ಅಂಥಲ್ಲಿ ಮೊದಲು ಸುರಕ್ಷತೆ: ಮಹಿಳಾ ಸಹಾಯವಾಣಿ 181, ತುರ್ತು ಇದ್ದರೆ 112.

ಎಲ್ಲಿಂದ ಶುರು ಮಾಡುವುದು ಎಂದು ಗೊತ್ತಾಗದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಮುಂದಿನ ಸಲ ಇಂಥ ಸಂದೇಶ ಬಂದರೆ ‘ಯಾರನ್ನು ಕಳಿಸೋಣ?’ ಎನ್ನುವ ಬದಲು ‘ನಾವು ಯಾರ್ಯಾರು ಹೋಗಬೇಕು?’ ಎಂದು ಕೇಳಿ ನೋಡಿ.