ತುರ್ತಿನ ಹೆಸರಲ್ಲಿ ಲೆಕ್ಕ ತಪ್ಪಿಸಲಾಗದು

ಕೋವಿಡ್ ಕಾಲದಲ್ಲಿ ಬ್ರಿಟನ್ ಸರ್ಕಾರ ಉದ್ಯಮಗಳಿಗೆ ತರಾತುರಿಯಲ್ಲಿ ಹಣ ಕೊಟ್ಟದ್ದು ಅನಿವಾರ್ಯವಾಗಿತ್ತು, ಆ ಖರ್ಚನ್ನು ಸಂಸತ್ತಿನ ಸಮಿತಿ ಕೆದಕುತ್ತ ಹೋದರೆ ಮುಂದಿನ ವಿಪತ್ತಿನಲ್ಲಿ ಅಧಿಕಾರಿಗಳು ಸಹಿ ಹಾಕಲು ಹೆದರುತ್ತಾರೆ ಎಂಬುದು ಇಲ್ಲಿ ಪ್ರಕಟವಾದ ಲೇಖನದ ವಾದ. ತುರ್ತು ಇತ್ತು, ಒಪ್ಪೋಣ. ಉಳಿದ ವಾದ ನಿಲ್ಲುವುದಿಲ್ಲ.

ಮೊದಲನೆಯದು, ಅಪಾಯ ಆಮೇಲೆ ತಿಳಿದದ್ದಲ್ಲ. ‘ಬೌನ್ಸ್ ಬ್ಯಾಕ್’ ಸಾಲ ಯೋಜನೆ 2020ರ ಮೇ 4ರಂದು ಶುರುವಾಗುವ ಮುನ್ನವೇ ಸರ್ಕಾರಿ ಸ್ವಾಮ್ಯದ ಬ್ರಿಟಿಷ್ ಬಿಸಿನೆಸ್ ಬ್ಯಾಂಕ್ ವಂಚನೆಯ ಬಗ್ಗೆ ಎಚ್ಚರಿಸಿತ್ತು. 50,000 ಪೌಂಡ್‌ವರೆಗಿನ ಸಾಲಕ್ಕೆ ಸರ್ಕಾರದ್ದೇ ಪೂರ್ಣ ಖಾತರಿ. ಅರ್ಹತೆಗೆ ಅರ್ಜಿದಾರನ ಮಾತೇ ಪ್ರಮಾಣ. ಒಬ್ಬರೇ ಎರಡು ಕಡೆ ಸಾಲ ಎತ್ತುವುದನ್ನು ಪತ್ತೆಹಚ್ಚುವ ವ್ಯವಸ್ಥೆ ಬಂದದ್ದು ತಿಂಗಳ ನಂತರ.

ಎರಡನೆಯದು, ಲೆಕ್ಕ ಕೊಡುವುದರಿಂದ ಕೆಲಸ ನಿಧಾನವಾಗುವುದಿಲ್ಲ. ಸರ್ಕಾರಿ ಗುತ್ತಿಗೆಗಳನ್ನೇ ನೋಡಿ: ಗುತ್ತಿಗೆಯ ವಿವರವನ್ನು 30 ದಿನಗಳಲ್ಲಿ ಪ್ರಕಟಿಸಬೇಕೆಂಬ ನಿಯಮ ಅನ್ವಯಿಸುವುದು ಗುತ್ತಿಗೆ ಕೊಟ್ಟ ಮೇಲೆ. ಕೋವಿಡ್ ಕಾಲದಲ್ಲಿ ಅದನ್ನೂ ಪಾಲಿಸದ ಆರೋಗ್ಯ ಸಚಿವರ ನಡೆ ಕಾನೂನುಬಾಹಿರವೆಂದು ಹೈಕೋರ್ಟ್ 2021ರ ಫೆಬ್ರವರಿಯಲ್ಲಿ ತೀರ್ಪಿತ್ತಿತು.

ಮೂರನೆಯದು, ಅಧಿಕಾರಿಗಳ ಭಯ. ಆಕ್ಷೇಪವಿದ್ದರೆ ಅಧಿಕಾರಿ ಸಚಿವರಿಂದ ಲಿಖಿತ ಆದೇಶ ಕೇಳಬಹುದು. ಆಗ ಹೊಣೆ ಸಚಿವರದು. ಈ ಸಾಲ ಯೋಜನೆಯಲ್ಲೂ ಹಾಗೆಯೇ ಆಯಿತು. 1861ರಿಂದ ಇರುವ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಹುಡುಕುವುದು ಆ ಹೊಣೆಯನ್ನೇ. ಪ್ರಾಮಾಣಿಕ ಅಧಿಕಾರಿಗೆ ಅದು ರಕ್ಷಣೆ.

ವಂಚನೆ ತಡೆಯುವಲ್ಲಿ ಸರ್ಕಾರ ಸೋತಿತೆಂದು ಲಾರ್ಡ್ ಆಗ್ನ್ಯೂ 2022ರ ಜನವರಿಯಲ್ಲಿ ಮೇಲ್ಮನೆಯಲ್ಲೇ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಸಚಿವರೇ ಸಹಿಸದ್ದನ್ನು ತೆರಿಗೆದಾರ ಏಕೆ ಸಹಿಸಬೇಕು? ಮುಂದಿನ ವಿಪತ್ತಿಗೆ ಸಿದ್ಧವಾಗಬೇಕಾದರೆ ಹಿಂದಿನದರ ಲೆಕ್ಕ ಸಂಸತ್ತಿನ ಮುಂದೆ ಪೂರ್ತಿಯಾಗಲೇಬೇಕು.